ತಲೆ ಹಿಡಿದವರೇ ಎಣಿಸಬೇಕು

ಸುಣ್ಣದ ಗೆರೆ ಇಷ್ಟು ಹತ್ತಿರದಿಂದ ನೋಡಿದರೆ ಗೆರೆಯೇ ಅಲ್ಲ, ಹುಲ್ಲಿನ ಒಂದೊಂದು ಎಳೆಗೂ ಬೇರೆಬೇರೆಯಾಗಿ ಬಳಿದ ಬಿಳಿ, ನಡುನಡುವೆ ಬಣ್ಣ ತಾಗದೆ ತಪ್ಪಿಸಿಕೊಂಡ ಹಸಿರು, ಇಷ್ಟು ವರ್ಷ ಇದರ ಮೇಲೆ ಓಡಿದ್ದೇನೆ, ಬಿದ್ದಿದ್ದೇನೆ, ಚೆಂಡು ಇದನ್ನು ದಾಟಿತೋ ಇಲ್ಲವೋ ಎಂದು ರೆಫರಿಯೊಡನೆ ಗಂಟಲು ಹರಿದುಕೊಂಡಿದ್ದೇನೆ, ಹೀಗೆ ಕೆನ್ನೆಯೂರಿ ನೋಡಿದ್ದು ಇದೇ ಮೊದಲು — ಕೆನ್ನೆಯಡಿಯ ನೆಲ ತಣ್ಣಗಿದೆ, ಮೇ ತಿಂಗಳು ಬಂದರೂ ಸಾಲ್ಟ್ ಲೇಕ್ ಸಿಟಿಯ ಮಣ್ಣು ಚಳಿಗಾಲವನ್ನು ಬಿಟ್ಟುಕೊಡುವುದಿಲ್ಲ — ಅಲುಗಾಡ್ಬೇಡ ಕಣೇ ಸೇಲಾ, ನಿನ್ನ ದಮ್ಮಯ್ಯ, ಬೆರಳು ಕೂಡ ಅಲುಗಾಡಿಸ್ಬೇಡ — ಇದು ಗ್ರೆಚೆನ್, ಡೆನ್ವರ್ ತಂಡದ ಮುಂಸಾಲಿನವಳು, ಅರೆಗಳಿಗೆಯ ಹಿಂದೆ ನನ್ನನ್ನು ಹಿಂದಕ್ಕೆ ದಬ್ಬುತ್ತಿದ್ದವಳು ಈಗ ಪಕ್ಕದಲ್ಲಿ ಮಂಡಿಯೂರಿ ನನ್ನ ಅಂಗಿಯ ತೋಳು ಹಿಡಿದು ಕೂತಿದ್ದಾಳೆ, ಬಿಟ್ಟರೆ ನಾನೆಲ್ಲೋ ಹಾರಿಹೋಗುವೆನೇನೋ ಎಂಬಂತೆ. ಏನಾಯಿತು ಎಂದು ನನಗೆ ಗೊತ್ತು, ಮುಂಸಾಲಿನಲ್ಲಿ ಇಷ್ಟು ಕಾಲ ಕಳೆದವಳಿಗೆ ಗೊತ್ತಾಗದೆ ಇರುತ್ತದೆಯೇ, ಎಂಟು ಜನ ಈ ಕಡೆ ಎಂಟು ಜನ ಆ ಕಡೆ ಟಗರುಗಳ ಹಾಗೆ ತಲೆ ಕೊಟ್ಟು ತಳ್ಳುವ ರಗ್ಬಿಯ ಸ್ಕ್ರಮ್, ನಾನು ಬಲತುದಿಯಲ್ಲಿ ಮೂರನೆಯ ನಂಬರಿನ ಅಂಗಿ, ಒದ್ದೆ ಹುಲ್ಲಿನ ಮೇಲೆ ಯಾರದೋ ಕಾಲು ಜಾರಿತು, ಅಷ್ಟೂ ಜನರ ಭಾರ ಒಮ್ಮೆಗೇ ಕುಸಿಯಿತು, ಮೊದಲು ನನ್ನ ತಲೆ ನೆಲ ಮುಟ್ಟಿತು, ಮೈ ಆಮೇಲೆ ಬಂತು, ಕತ್ತಿನಲ್ಲಿ ಹಸಿಕಡ್ಡಿ ಮುರಿದಂಥ ಸದ್ದು, ಎಡಗೈಯೊಳಗೆ ಜೇನ್ನೊಣ ಬಿಟ್ಟ ಹಾಗೆ ಜುಮುಜುಮು, ಕಾಲು — ಕಾಲುಗಳಿವೆ ಎಂದು ಗೊತ್ತು, ಇವೆ ಎಂದು ಅನ್ನಿಸುತ್ತಿಲ್ಲ. ನನ್ನ ತಲೆಯನ್ನು ಎರಡೂ ಕೈಯಲ್ಲಿ ಹಿಡಿದಿರುವವಳು ವಾಂಡಾ, ಆಂಬುಲೆನ್ಸಿನವಳು, ಕಾಲ್ಬೆರಳು ಆಡಿಸು ನೋಡೋಣ ಚಿನ್ನಾ ಎಂದಳು, ಆಡಿಸಿದೆ, ಆಡಿತಾ ಎಂದು ಕೇಳಿದೆ, ಅವಳು ಹಿಂದಕ್ಕೆ ತಿರುಗಿ ಕೂಗಿದಳು, ಸೆಮಿಸೀ, ಹಲಗೆ ತಗೊಂಡು ಬಾರೋ, ಬೇಗ, ನೀನೂ ಬೇಕು. ಸೆಮಿಸಿ ನನ್ನ ಅಣ್ಣ.

ಲೋಕವೆಲ್ಲ ಈಗ ಅಡ್ಡ ಮಲಗಿದೆ, ಗೋಲುಗಂಬ ಅಡ್ಡ, ಹಿಮ ಹೊತ್ತ ಬೆಟ್ಟ ಅಡ್ಡ, ಗೆರೆಯಾಚೆ ನಿಂತ ಆಂಬುಲೆನ್ಸೂ ಅಡ್ಡ, ಅದರ ಹಿಂಬಾಗಿಲು ಮೈದಾನಕ್ಕೆ, ಮೂತಿ ರಸ್ತೆಗೆ, ಯಾವಾಗಲೂ ಹಾಗೇ ನಿಲ್ಲಿಸುವುದು, ಪೆಟ್ಟಾದವರನ್ನು ಹಿಂದಿನಿಂದ ಹತ್ತಿಸಿ ನೆಟ್ಟಗೆ ಹೊರಟುಬಿಡಲು ಅನುಕೂಲ ಎನ್ನುತ್ತಾಳೆ ವಾಂಡಾ, ಅನುಕೂಲ ಹೌದು, ಆದರೆ ಹಾಗೆ ನಿಲ್ಲಿಸಿದರೆ ಚಾಲಕನ ಸೀಟಿನಲ್ಲಿ ಕೂತವನಿಗೆ ಆಟ ಕಾಣುವುದಿಲ್ಲ, ಆ ಅನುಕೂಲ ಅವಳಿಗೆ ಗೊತ್ತಿಲ್ಲ. ನಮ್ಮೂರ ಮೈದಾನದಲ್ಲಿ ಪಂದ್ಯವಿರುವ ಶನಿವಾರಗಳಲ್ಲೆಲ್ಲ ಅಣ್ಣ ಆ ಪಾಳಿಯನ್ನು ಕೇಳಿ ಹಾಕಿಸಿಕೊಳ್ಳುತ್ತಾನೆ, ಎಷ್ಟೋ ವರ್ಷದಿಂದ, ಬಂದು ನನ್ನ ಆಟಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ, ಮೈದಾನದಿಂದ ನನಗೆ ಕಾಣುವುದು ಕಿಟಕಿಯಿಂದಾಚೆ ಚಾಚಿದ ಅವನ ಮೊಣಕೈ ಒಂದೇ, ಸ್ಕ್ರಮ್ ಕುಸಿದಾಗ ಜನ ಹೋ ಎನ್ನುತ್ತಾರೆ, ಮೊಣಕೈ ಒಳಗೆ ಹೋಗುತ್ತದೆ, ನಾನು ಎದ್ದು ಮಣ್ಣು ಕೊಡವಿಕೊಳ್ಳುತ್ತೇನೆ, ಅಮ್ಮ ಚಪ್ಪಾಳೆ ತಟ್ಟುತ್ತಾಳೆ, ಮೊಣಕೈ ಹೊರಗೆ ಬರುತ್ತದೆ. ಅಲ್ವೇ, ನಿನಗೂ ನಿನ್ನಣ್ಣನಿಗೂ ಮಾತಿಲ್ವಾ, ಗ್ರೆಚೆನ್ ಒಮ್ಮೆ ಕೇಳಿದ್ದಳು, ಪಂದ್ಯ ಮುಗಿದು ಎರಡೂ ತಂಡದವರು ಒಟ್ಟಿಗೆ ಉಣ್ಣುವಾಗ, ಅಮ್ಮ ಕೆಸುವಿನೆಲೆಯಲ್ಲಿ ಸುತ್ತಿ ತೆಂಗಿನಹಾಲಿನಲ್ಲಿ ಬೇಯಿಸಿ ತಂದ ಕುರಿಮಾಂಸದ ಮೂರನೆಯ ಗಂಟನ್ನು ಬಿಚ್ಚುತ್ತ, ಅವನು ಇತ್ಲಾಗೆ ತಿರುಗಿ ಕೂಡ ನೋಡಲ್ವಲ್ಲೇ, ಏನು ಜಮೀನಿನ ಜಗಳವಾ, ನಮ್ಮಪ್ಪ ಚಿಕ್ಕಪ್ಪ ಹೀಗೇ, ಇಪ್ಪತ್ತು ವರ್ಷ ಒಬ್ಬರ ಮುಖ ಒಬ್ಬರು ನೋಡಿಲ್ಲ, ಒಂದು ಬೇಲಿಗೋಸ್ಕರ. ನಕ್ಕುಬಿಟ್ಟೆ. ಜಗಳವಲ್ಲ ಮಾರಾಯ್ತಿ, ಮರ್ಯಾದೆ, ಎಂದೆ. ನೆಬ್ರಾಸ್ಕಾದ ಜೋಳದ ಹೊಲದಲ್ಲಿ ಬೆಳೆದವಳು ಬಾಯಿ ತುಂಬ ಸೊಪ್ಪಿಟ್ಟುಕೊಂಡು ನನ್ನನ್ನೇ ನೋಡಿದಳು, ಇದ್ಯಾವ ಸೀಮೆ ಮರ್ಯಾದೆನೇ, ಎಂದಳು.

ಯಾವ ಸೀಮೆಯದೋ, ಅಪ್ಪ ತೊಂಗಾದಿಂದ ಬರುವಾಗ ಪೆಟ್ಟಿಗೆಯಲ್ಲಿ ಚಾಪೆಯ ಜೊತೆ ಮಡಚಿ ತಂದದ್ದು, ಇಲ್ಲಿ ಕಾಂಕ್ರೀಟು ಹಾಕುವ ಕೆಲಸ ಮಾಡಿ ಕಟ್ಟಿದ ಚಿಕ್ಕ ಮನೆಯಲ್ಲಿ ಆ ಮರ್ಯಾದೆಗೆ ಜಾಗವೇ ಸಾಲುತ್ತಿರಲಿಲ್ಲ, ನಾನು ಹಜಾರಕ್ಕೆ ಬಂದರೆ ಅಣ್ಣ ಎದ್ದು ಹೋಗಬೇಕು, ನನ್ನ ಹಾಸಿಗೆಯ ಮೇಲೆ ಅವನು ಕೂರುವಂತಿಲ್ಲ, ನನ್ನೆದುರು ಕೆಟ್ಟ ಮಾತು ಆಡುವಂತಿಲ್ಲ, ಟೀವಿಯಲ್ಲಿ ಯಾರೋ ಯಾರಿಗೋ ಮುತ್ತು ಕೊಡುವ ಹೊತ್ತಿಗೆ ಇಬ್ಬರೂ ಅಲ್ಲೇ ಸಿಕ್ಕಿಬಿದ್ದರೆ ನಾನು ಹಿತ್ತಿಲ ಬಾಗಿಲಿಂದ ಅವನು ಮುಂಬಾಗಿಲಿಂದ ಓಡುತ್ತಿದ್ದೆವು, ಮಧ್ಯದಲ್ಲಿ ಅಪ್ಪ ಒಬ್ಬನೇ ಆ ಮುತ್ತನ್ನು ನೋಡಿಕೊಂಡು ಕೂರುತ್ತಿದ್ದ. ಅಣ್ಣ ನನಗಿಂತ ದೊಡ್ಡವನು, ಆದರೂ ನಾನು ಮೇಲು, ನಮ್ಮಲ್ಲಿ ಹೆಣ್ಣು ಒಡಹುಟ್ಟು ಯಾವಾಗಲೂ ಮೇಲು, ಅವನ ಮಕ್ಕಳಿಗೆ ಹೆಸರಿಟ್ಟವಳು ನಾನು, ಅವರ ಮದುವೆಗೆ ಎಲ್ಲರಿಗಿಂತ ಮುಂದೆ ಕೂರುವವಳೂ ನಾನೇ, ಮತ್ತು ನನ್ನ ತಲೆ — ತಲೆ ಎಂದರೆ ಮುಗಿಯಿತು, ಅಪ್ಪನ ತಲೆಯನ್ನು ಮಕ್ಕಳು ಮುಟ್ಟುವುದಿಲ್ಲ, ನನ್ನ ತಲೆಯನ್ನು ಅಣ್ಣ ಮುಟ್ಟುವುದಿಲ್ಲ, ಚಿಕ್ಕಂದಿನಲ್ಲಿ ನನ್ನ ಜಡೆಗೆ ಬಬಲ್‌ಗಮ್ ಅಂಟಿಕೊಂಡಾಗ ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಅವನು ಕತ್ತರಿ ತಂದು ದೂರದಲ್ಲಿಟ್ಟು, ಕಣ್ಣು ಮುಚ್ಚಿಕೊಂಡು, ಇನ್ನೂ ಸ್ವಲ್ಪ ಮೇಲೆ ಅನ್ಸುತ್ತೆ, ಎಂದು ಗೋಡೆಗೆ ಹೇಳುತ್ತಿದ್ದ. ಎದುರಿಗೆ ನಿಂತು ಮಾತಾಡಿದ್ದು ಎಷ್ಟು ಸಲ, ಕೈಬೆರಳು ಸಾಕು, ಆದರೂ ನನ್ನ ಆಟವೆಲ್ಲ ಅವನದೇ, ಅವನು ಕಲಿಸಿದ್ದು, ಅಮ್ಮನ ಬಾಯಿಂದ.

ಕಾಲ್ಬೆರಳೇ, ಆಡು. ಆಡುತ್ತಿಲ್ಲ. ಇರಲಿ, ನಿಧಾನ, ಹೆದರಬೇಡ, ಹೆದರಿಕೆ ಬಂದಾಗ ಯಾರಿಗಾದರೂ ಮಾಲೋ ಹೇಳು ಎನ್ನುತ್ತಿದ್ದಳು ಅಮ್ಮ, ನಮ್ಮ ಭಾಷೆಯ ಉಪಕಾರದ ಮಾತು ಅದು, ಮಾಲೋ ಹೇಳುವ ಬಾಯಿಗೆ ನಡುಗಲು ಪುರುಸೊತ್ತಿರುವುದಿಲ್ಲವಂತೆ — ಹಾಗಾದರೆ ಮೊದಲು ಕಾಲೇಜಿನ ಅಂಗಳದಲ್ಲಿ ಮಡಚುವ ಮೇಜು ಹಾಕಿಕೊಂಡು ಕೂತಿದ್ದ ಮಾರ್ಗೊಗೆ, ನನ್ನ ಮೊದಲ ಕೋಚ್‌ಗೆ, ಮಾಲೋ. ನಾನು ತಲೆ ತಗ್ಗಿಸಿ ನಡೆಯುತ್ತಿದ್ದೆ, ಆ ವಯಸ್ಸಿನಲ್ಲಿ ಭುಜ ಒಳಕ್ಕೆ ಮುದುರಿ ಮೈಯನ್ನು ಸಣ್ಣದು ಮಾಡಿಕೊಂಡು ನಡೆಯುವುದೇ ನನ್ನ ಅಭ್ಯಾಸ, ಅಂಗಡಿಯ ಉಡುಪೆಲ್ಲ ಬೇರೆ ಯಾರಿಗೋ ಹೊಲಿದದ್ದು, ಕುರ್ಚಿಗಳೆಲ್ಲ ಬೇರೆ ಯಾರಿಗೋ ಮಾಡಿದ್ದು — ಏಯ್, ಸ್ವಲ್ಪ ನಿಲ್ಲಮ್ಮ, ನಿನ್ನ ತೂಕ ಎಷ್ಟು ಅಂತ ಕೇಳಬಹುದಾ. ಹೇಳಿದೆ, ಹೇಳುವಾಗ ಕಣ್ಣಲ್ಲಿ ನೀರು ಬಂತು, ಅವಳ ಮುಖ ಹಬ್ಬವಾಯಿತು, ದೇವರೇ, ಇಷ್ಟು ದಿನ ಎಲ್ಲಿದ್ದೆ ನೀನು, ಎಂದಳು. ನನ್ನ ತೂಕ ಕೇಳಿ ಯಾರಿಗಾದರೂ ಸಂತೋಷವಾದದ್ದು ಅದೇ ಮೊದಲು. ಈ ತೊಡೆಗೆ, ಈ ಬೆನ್ನಿಗೆ, ಈ ಕತ್ತಿಗೆ ಲೋಕದಲ್ಲಿ ಒಂದು ಸ್ಥಳವಿದೆ, ಬಲತುದಿಯಲ್ಲಿ, ಮೂರನೆಯ ಅಂಗಿ, ಅಲ್ಲಿ ಸಣ್ಣಗಿರುವುದೇ ತಪ್ಪು. ಮೊದಲ ಪಂದ್ಯದಲ್ಲಿ ಚೆಂಡು ಹೇಗೋ ನನ್ನ ಕೈಗೆ ಬಂತು, ಓಡಿದೆ, ಇಬ್ಬರು ನನ್ನ ಮೈಮೇಲೆ ಜೋತುಬಿದ್ದಿದ್ದರು, ಹೊತ್ತುಕೊಂಡೇ ಓಡಿದೆ, ಗೆರೆ ದಾಟಿದೆ, ದಾಟಿದ ಮೇಲೆ ನಮ್ಮ ಅಮೆರಿಕದ ಫುಟ್‌ಬಾಲಿನಲ್ಲಿ ಹುಡುಗರು ಏನು ಮಾಡುತ್ತಾರೋ ಅದನ್ನೇ ಮಾಡಿದೆ, ಚೆಂಡನ್ನು ಪಟ್ಟನೆ ನೆಲಕ್ಕೆ ಬಡಿದು ಸೊಂಟ ಕುಣಿಸಿದೆ, ಚೆಂಡು ಪುಟಿದು ಹೋಯಿತು, ಎದುರಾಳಿ ಹುಡುಗಿ ಅದನ್ನೆತ್ತಿಕೊಂಡು ಆ ಕೊನೆಗೆ ಓಡಿಯೇಬಿಟ್ಟಳು, ನಾನಿನ್ನೂ ಕುಣಿಯುತ್ತಿದ್ದೆ. ಕುಣಿತ ಬಹಳ ಚೆನ್ನಾಗಿತ್ತು ಸೇಲಾ, ಪಾಯಿಂಟು ಮಾತ್ರ ಅವರಿಗೆ, ಎಂದಳು ಮಾರ್ಗೊ. ಗೆರೆ ದಾಟಿದರೆ ಸಾಲದು, ಚೆಂಡನ್ನು ಕೈಯಿಂದ ನೆಲಕ್ಕೆ ಒತ್ತಬೇಕು, ರಗ್ಬಿಯಲ್ಲಿ ಅದು ಮೊದಲ ಪಾಠ, ನನಗೆ ಯಾರೂ ಹೇಳಿರಲಿಲ್ಲ, ಗೊತ್ತಿದೆ ಎಂದುಕೊಂಡಿದ್ದರು. ಅಂದು ಸಂಜೆ ಅಮ್ಮ ಪಾತ್ರೆ ತೊಳೆಯುತ್ತ, ನೋಡೇ, ಚೆಂಡನ್ನ ನೆಲಕ್ಕೆ ಇಡೋದು ಹೇಗೆ ಅಂದ್ರೆ ನಿದ್ದೆ ಹೋದ ಮಗೂನ ಮಲಗಿಸೋ ಹಾಗಂತೆ, ಎದೆಯಿಂದ ಬಿಡದೆ, ಮೈನೂ ಅದರ ಜೊತೆಗೇ ಬಗ್ಗಿಸಿ — ಯಾರು ಹೇಳಿದ್ದಮ್ಮಾ — ಯಾರೋ ಹೇಳಿದ್ರು, ನಿನಗ್ಯಾಕೆ, ಎಂದಳು, ಅಂಗಳದಲ್ಲಿ ಅಣ್ಣ ಚರ್ಚಿನ ವ್ಯಾನ್ ತೊಳೆಯುತ್ತಿದ್ದ, ಒಣಗಿದ ವ್ಯಾನನ್ನೇ ಮತ್ತೆ ಮತ್ತೆ.

ಹಾಗೆ ಶುರುವಾಯಿತು. ಅವನ ಮಂಡಿ ಆಗ ಹರಿದುಹೋಗಿತ್ತು, ಶಾಲೆಯಲ್ಲಿ ಫುಟ್‌ಬಾಲ್ ಎಂದರೆ ಅವನೇ ಎಂಬಂತೆ ಇದ್ದವನು, ದೊಡ್ಡ ದೊಡ್ಡ ಕಾಲೇಜಿನ ಕೋಚ್‌ಗಳು ನಮ್ಮ ಮನೆಗೆ ಬಂದು ನೆಲದ ಮೇಲೆ ಕೂತು ಅಮ್ಮನ ಅಡುಗೆ ಹೊಗಳಿ ಹೋಗಿದ್ದರು, ಮಂಡಿ ಹರಿದ ಮೇಲೆ ಒಬ್ಬರೂ ಹೊಗಳಲಿಲ್ಲ, ಅವನು ಒಂದು ವರ್ಷ ಬಾಯಿ ಬಿಡಲಿಲ್ಲ, ಬಿಟ್ಟದ್ದು ನನಗಾಗಿ, ಅಮ್ಮನ ಕಿವಿಯಲ್ಲಿ. ಅಮ್ಮನಿಗೆ ಚೆಂಡು ದುಂಡಗಿದೆಯೋ ಉದ್ದಗಿದೆಯೋ ಗೊತ್ತಿರಲಿಲ್ಲ — ನಿಮ್ಮಣ್ಣ ಕೇಳ್ತಿದಾನೆ, ತಳ್ಳುವಾಗ ನೆಲ ನೋಡ್ತೀಯೋ ಮುಂದೆ ನೋಡ್ತೀಯೋ ಅಂತ, ಮುಂದೆ ನೋಡ್ಬೇಕಂತೆ, ಬೆನ್ನು ಊಟದ ಮೇಜಿನ ಹಾಗೆ ಚಪ್ಪಟೆ ಇರ್ಬೇಕಂತೆ, ಆಮೇಲೆ ಹಿಂಬದಿ — ಥೂ, ಆ ಮಾತು ತಂಗಿಗೆ ಅವನು ಹೇಳೋ ಹಾಗಿಲ್ಲ ಅಂತ ನನ್ನ ಬಾಯಲ್ಲಿ ಹೇಳಿಸ್ತಾನಲ್ಲ, ಹಿಂಬದಿ ಭುಜಕ್ಕಿಂತ ಮೇಲೆ ಏಳ್ಬಾರದಂತೆ, ನನಗೇನೂ ಅರ್ಥವಾಗಲಿಲ್ಲ, ನಿನಗೆ ಅರ್ಥವಾದ್ರೆ ಸರಿ. ಕೇಳುತ್ತ ಹೇಳುತ್ತ ಅವಳಿಗೇ ಅರ್ಥವಾಗತೊಡಗಿತು, ಈಗ ಗ್ಯಾಲರಿಯಲ್ಲಿ ಕೂತು ಚರ್ಚಿನ ಹೆಂಗಸರಿಗೆಲ್ಲ ಪಾಠ ಮಾಡುತ್ತಾಳೆ, ಎದುರು ತಂಡದ ಹುಡುಗಿಯರಿಗೂ ಬಿಡುವುದಿಲ್ಲ, ಏಯ್ ಕೆಂಪು ಕೂದಲಿನವಳೇ, ಬೆನ್ನು ಚಪ್ಪಟೆ ಇಡೇ, ಮುರ್ಕೋತೀಯ. ನನ್ನ ಚಡ್ಡಿ ಗಿಡ್ಡವಾಯಿತೆಂದು ಒಳಗೊಂದು ಮಂಡಿವರೆಗಿನದು ಹೊಲಿದುಕೊಟ್ಟಳು, ಪಾದ್ರಿಗಳ ಮುಂದೆ ನನ್ನ ಪರ ವಾದಿಸಿದಳು, ಸ್ವಾಮಿ, ಅವಳು ಭಾನುವಾರ ಆಡಲ್ಲ, ಮಿಕ್ಕ ವಾರದಲ್ಲಿ ದೇವರೂ ಏನಾದ್ರೂ ನೋಡ್ಬೇಕಲ್ಲ. ಅಮ್ಮಾ, ಮಾಲೋ. ಅವಳ ದನಿ ಈಗ ಕೇಳುತ್ತಿಲ್ಲ, ಇಡೀ ಗ್ಯಾಲರಿಯೇ ಕೇಳುತ್ತಿಲ್ಲ, ಇಷ್ಟು ಜನ ಇಷ್ಟು ಸುಮ್ಮನಿರಬಾರದು. ಮಾಲೋ ವಿಮಾನ ನಿಲ್ದಾಣಕ್ಕೆ, ಹಗಲೆಲ್ಲ ವಿಮಾನದ ಹೊಟ್ಟೆಗೆ ಜನರ ಪೆಟ್ಟಿಗೆ ತುಂಬುವ ಕೆಲಸಕ್ಕೆ, ಆ ಕೆಲಸದವರಿಗೆ ಖಾಲಿ ಉಳಿದ ಸೀಟು ಪುಕ್ಕಟೆ, ರಾಷ್ಟ್ರೀಯ ತಂಡದ ಶಿಬಿರಕ್ಕೆ ಹಾಗೆ ತಾನೇ ಹೋದದ್ದು, ಯಾರೋ ಬಾರದೆ ಉಳಿದ ಸೀಟಿನಲ್ಲಿ, ಯಾರೋ ಬಂದುಬಿಟ್ಟರೆ ನಿಲ್ದಾಣದ ನೆಲದ ಮೇಲೆ ಚೀಲಕ್ಕೆ ತಲೆಯಿಟ್ಟು ಮಲಗಿ, ಅಮೆರಿಕ ತಂಡದ ಹದ್ದಿನ ಚಿತ್ರದ ಅಂಗಿ ಕೊಟ್ಟ ದಿನ ಅದನ್ನು ಮೂಸಿ ನೋಡಿದೆ, ಹೊಸ ಬಟ್ಟೆಯ ವಾಸನೆ, ಅಷ್ಟೇ, ಆದರೂ ಮೂಸಿದೆ. ಇಂಗ್ಲೆಂಡಿನವರು ನಮ್ಮನ್ನು ಚಚ್ಚಿಹಾಕಿದರು, ಎಷ್ಟರಿಂದ ಎಂದು ಯಾರೂ ಕೇಳಬೇಡಿ, ಆದರೆ ಒಂದು ಸ್ಕ್ರಮ್, ಅವರ ಗೆರೆಯ ಹತ್ತಿರ, ಒಂದೇ ಒಂದು, ನನ್ನೆದುರಿನ ಹೆಂಗಸು ಗೋಡೆಯ ಹಾಗಿದ್ದಳು, ಆ ಗೋಡೆ ಮೊದಲು ಉಸಿರು ಬಿಟ್ಟಿತು, ಆಮೇಲೆ ಒಂದು ಗೇಣು ಹಿಂದೆ ಹೋಯಿತು, ಆಮೇಲೆ ಒಂದು ಗಜ, ನನ್ನ ಜೀವಮಾನದ ಗಳಿಕೆ ಎಂದರೆ ಆ ಒಂದು ಗಜ ನೆಲ. ಅಂದು ಅಮ್ಮ ಫೋನ್ ಮಾಡಿದಳು, ಸೋತಿರಂತೆ, ಹೋಗಲಿ ಬಿಡು, ನಿಮ್ಮಣ್ಣ ಕೇಳ್ತಿದಾನೆ, ಆ ಸ್ಕ್ರಮ್ಮಲ್ಲಿ ಎಡಗಾಲು ಯಾಕೆ ಅಷ್ಟು ಹಿಂದೆ ಇಟ್ಟಿದ್ದೆ ಅಂತ. ಅಮ್ಮಾ, ಅವನು ನೋಡಲಿಲ್ಲ ತಾನೇ. ಇಲ್ಲಪ್ಪ, ನಾವೆಲ್ಲ ಟೀವಿ ಮುಂದೆ ಇದ್ವಿ, ಅವನು ಹೊರಗೆ ಅಂಗಳದಲ್ಲಿದ್ದ. ಅಂಗಳಕ್ಕೆ ಕಿಟಕಿ ಇದೆ. ನಾನು ಕಿಟಕಿಯ ಮಾತೆತ್ತಲಿಲ್ಲ, ಅವಳೂ ಎತ್ತಲಿಲ್ಲ, ಎಡಗಾಲು ಜಾರ್ತಿತ್ತು ಅಂತ ಹೇಳು, ಎಂದೆ.

ಬೂಟು. ಗೆರೆಯಾಚೆ ಎರಡು ಕಪ್ಪು ಬೂಟು ಬಂದು ನಿಂತವು, ಹೊಳೆಯುವ ಹಾಗೆ ಪಾಲಿಶ್ ಮಾಡಿದ್ದು, ಪಕ್ಕದಲ್ಲಿ ಹಳದಿ ಹಲಗೆಯ ತುದಿ, ಬೂಟು ಗೆರೆ ದಾಟುತ್ತಿಲ್ಲ. ಏನೋ ನಿಂತುಬಿಟ್ಟೆ, ಬಾ ಇಲ್ಲಿ, ತಲೆ ಹಿಡ್ಕೋ, ವಾಂಡಾ ಹೇಳುತ್ತಿದ್ದಾಳೆ, ನಾನು ಬೆನ್ನು ನೋಡ್ಬೇಕು, ಕತ್ತಿಗೆ ಪಟ್ಟಿ ಹಾಕ್ಬೇಕು, ಆಮೇಲೆ ಇವಳನ್ನ ಅಂಗಾತ ತಿರುಗಿಸ್ಬೇಕು. ನೀನೇ ಹಿಡ್ಕೊಂಡಿರು ವಾಂಡಾ, ಬೆನ್ನು ನಾನು — ಅಷ್ಟಕ್ಕೇ ಅವನ ಮಾತು ನಿಂತಿತು, ಬೆನ್ನು ಮಾತ್ರ ಮುಟ್ಟಬಹುದೇನು, ಪಾಪ. ನಿನ್ನ ಕೈ ದೊಡ್ಡದು, ನನ್ನದು ಆಗಲೇ ಸೋತಿದೆ, ಜಾರಿದ್ರೆ ಏನಾಗುತ್ತೆ ಅಂತ ನಾನು ನಿನಗೆ ಹೇಳ್ಬೇಕಾ, ಸೆಮಿಸಿ, ನಿನ್ನ ಸ್ವಂತ ತಂಗಿ ಕಣೋ ಇವಳು. ಅದಕ್ಕೇ ವಾಂಡಾ, ಅದಕ್ಕೇ. ಅವನು ಹೆದರಿದವನಲ್ಲ, ಹೆದ್ದಾರಿಯಲ್ಲಿ ನುಜ್ಜುಗುಜ್ಜಾದ ಕಾರುಗಳೊಳಗೆ ತೆವಳಿ ಹೋಗಿ ಎಷ್ಟೋ ಜನರ ತಲೆ ಹಿಡಿದು ಕೂತವನು, ಅವರೆಲ್ಲ ಯಾರದೋ ಅಕ್ಕ, ಯಾರದೋ ತಂಗಿ. ಗ್ರೆಚೆನ್‌ನ ಉಸಿರು ನನ್ನ ಕಿವಿಯ ಹತ್ತಿರ, ನಾನು ಹಿಡ್ಕೊಳ್ಲಾ, ನನಗೆ ಹೇಳಿಕೊಡಿ, ಕರು ಹಾಕಿಸಿದ ಕೈ ಇದು — ನೀನು ಸುಮ್ನಿರಮ್ಮಾ, ಎಂದಳು ವಾಂಡಾ. ಅವಳ ಹಿಡಿತ ಸಡಿಲವಾಗುತ್ತಿರುವುದು ನನ್ನ ತಲೆಬುರುಡೆಗೆ ತಿಳಿಯುತ್ತಿದೆ. ಬೂಟು ಅಲ್ಲೇ ಇದೆ. ಅವನು ತಾನಾಗಿ ದಾಟುವುದಿಲ್ಲ, ದಾಟಲಾರ, ದಾಟಿಸಬೇಕಾದವಳು ನಾನು, ಮೇಲಿರುವವಳು ನಾನಲ್ಲವೇ, ಹೆಣ್ಣು ಒಡಹುಟ್ಟಿನ ಮಾತು ನಡೆಯಬೇಕಾದ ಜಾಗದಲ್ಲಿ ಇಷ್ಟು ವರ್ಷ ಒಂದು ಮಾತೂ ಆಡದೆ ಇದ್ದೇನೆ. ಆಡಿದರೆ ಬರುತ್ತಾನೆ. ಬಂದರೆ, ಮುಟ್ಟಿದರೆ, ನಾಳೆ ನಾನು ಹಜಾರಕ್ಕೆ ಹೋದಾಗ ಅವನು ಎದ್ದು ಹೋಗುತ್ತಾನೆಯೇ, ಆ ಎದ್ದುಹೋಗುವುದೇ ನನಗೆ ಅವನಿಂದ ಬಂದದ್ದು, ಬೇರೆ ಹುಡುಗಿಯರಿಗೆ ಅಣ್ಣಂದಿರು ಕೀಟಲೆ ಮಾಡುತ್ತಾರೆ, ಜಡೆ ಎಳೆಯುತ್ತಾರೆ, ನನಗೆ ಒಬ್ಬ ಅಣ್ಣ ಕುರ್ಚಿ ಖಾಲಿ ಮಾಡಿಕೊಟ್ಟ, ನಾನು ಬರುವ ಬಾಗಿಲೆಲ್ಲ ಯಾರೋ ರಾಣಿ ಬಂದ ಹಾಗೆ ಖಾಲಿಯಾಗುತ್ತಿತ್ತು, ಅಂಗಡಿಯ ಉಡುಪು ಹಿಡಿಸದ ಹುಡುಗಿಗೆ, ಅದನ್ನು ಕಳೆದುಕೊಂಡು — ಆದರೆ ಕಾಲು. ಕಾಲು ಎಲ್ಲಿದೆ. ಕಾಲಿಲ್ಲದೆ ಯಾವ ಹಜಾರಕ್ಕೆ ಹೋಗುತ್ತೀಯ ಸೇಲಾ.

ಸೆಮಿಸಿ. ನನ್ನ ದನಿಯೇ ಅದು, ಹುಲ್ಲಿಗೆ ತಾಗಿ ಹೊರಟಿತು, ಅವನ ಹೆಸರು ನನ್ನ ಬಾಯಲ್ಲಿ ಎಷ್ಟು ಹೊಸದು. ನಾನು ಹೇಳ್ತಿದೀನಿ. ಬಾ. ನನ್ನ ತಲೆ ಹಿಡ್ಕೋ. ಬೂಟು ಒಮ್ಮೆ ಹಿಂದಕ್ಕೆ ಸರಿಯಿತು, ಹೋದನೇ, ಇಲ್ಲ, ಲೇಸು ಬಿಚ್ಚುತ್ತಿದ್ದಾನೆ, ಯಾಕಪ್ಪಾ ಬೂಟು ಬಿಚ್ತೀಯ, ಚರ್ಚಾ ಇದು, ವಾಂಡಾ ಕಿರುಚಿದಳು, ಕಾಲುಚೀಲದಲ್ಲಿ ಗೆರೆ ದಾಟಿ ಬಂದ, ನಿಂತುಕೊಂಡು ಬರಲಿಲ್ಲ, ಬಗ್ಗಿ ಬಂದ, ನನ್ನ ತಲೆಗಿಂತ ತನ್ನ ತಲೆ ಎತ್ತರವಾಗದ ಹಾಗೆ, ನಾನು ನೆಲದ ಮೇಲಿದ್ದೇನಲ್ಲ, ಎಷ್ಟು ಬಗ್ಗಿದರೆ ಸಾಕಾದೀತು, ಕೊನೆಗೆ ಹೊಟ್ಟೆಯ ಮೇಲೆ ಮಲಗಿಯೇಬಿಟ್ಟ, ನನ್ನ ತಲೆಯ ಹಿಂದೆ, ಎಲ್ಲೋ ನನಗೆ ಕಾಣದ ಕಡೆ, ತುಲೋ ಎಂದ, ಯಾರ ತಲೆಯ ಮೇಲಿಂದಾದರೂ ಕೈ ಚಾಚುವಾಗ ಕ್ಷಮೆ ಕೇಳುವ ನಮ್ಮ ಮಾತು, ಮತ್ತೆ ತುಲೋ ಎಂದ, ವಾಂಡಾನ ಬೆರಳುಗಳು ಒಂದೊಂದಾಗಿ ಹೋದವು, ಇವನ ಕೈ ಬಂತು. ದೊಡ್ಡದು. ಒಣಗಿದ್ದು. ಎರಡೂ ಕೈ ಅಡ್ಡಾದಿಡ್ಡಿ ಹೆಣೆದುಕೊಂಡು ಬಂದವು, ಎಡಗೈ ಬಲಕ್ಕೆ, ಬಲಗೈ ಎಡಕ್ಕೆ, ತಿರುಗಿಸಿದಾಗ ಅವು ತಾವಾಗಿ ಬಿಚ್ಚಿಕೊಂಡು ನೆಟ್ಟಗಾಗಬೇಕು, ಹಾಗೆ ಲೆಕ್ಕ, ಕಿವಿಗಳು ಮುಚ್ಚಿದವು, ಜಗತ್ತಿನ ಸದ್ದು ದಪ್ಪವಾಯಿತು, ಕಣ್ಣಿನಂಚಿನ ಪಕ್ಕ, ಕಣತಲೆಯ ಮೇಲೆ, ಅವನ ಹೆಬ್ಬೆರಳು. ಕೈಗವಸಿನ ತುದಿ ಅಲ್ಲಿ ಹರಿದಿದೆ, ರಬ್ಬರಿನ ನಡುವೆ ಒಂದು ಕಾಳಿನಷ್ಟು ಚರ್ಮ, ಬೆಚ್ಚಗೆ, ಅದರಲ್ಲಿ ಏನೋ ಮಿಡಿಯುತ್ತಿದೆ.

ಕತ್ತಿಗೆ ಪಟ್ಟಿ ಬಂತು, ಗಲ್ಲ ಕಚ್ಚಿ ಹಿಡಿಯಿತು. ಗ್ರೆಚೆನ್ ಸೊಂಟದ ಹತ್ತಿರ, ವಾಂಡಾ ಬೆನ್ನಿನ ಹತ್ತಿರ, ಯಾರೂ ತಾವಾಗಿ ತಿರುಗಿಸಬೇಡಿ, ತಲೆ ಹಿಡಿದವರೇ ಎಣಿಸಬೇಕು, ಅವನು ಮೂರು ಅಂದ ಮೇಲೆ ಎಲ್ಲರೂ ಒಟ್ಟಿಗೆ, ಗೊತ್ತಾಯ್ತಾ, ಎಣಿಸಪ್ಪ ಸೆಮಿಸಿ. ಅವನು ಎಣಿಸುತ್ತಿಲ್ಲ. ಹೆಬ್ಬೆರಳು ಮಿಡಿಯುತ್ತಿದೆ. ನನ್ನ ಕೂದಲಿನೊಳಗೆ ಅವನ ಉಸಿರು. ಎಣಿಸೋ. ತಾಹಾ, ಎಂದ, ಉಆ, ಎಂದ, ತೋಲು, ಎಂದ. ಯಾರೂ ಅಲುಗಲಿಲ್ಲ. ಇದ್ಯಾವ ಭಾಷೆನೋ, ಮೂರು ಬಂತಾ ಹೋಯ್ತಾ, ಗ್ರೆಚೆನ್ ಕೇಳಿದಳು, ಕೈ ಗಾಳಿಯಲ್ಲಿಟ್ಟುಕೊಂಡು. ಇಂಗ್ಲಿಷಲ್ಲಿ ಎಣಿಸೋ ಪುಣ್ಯಾತ್ಮ, ಇಲ್ಲಿ ನಿಮ್ಮಮ್ಮ ಒಬ್ಬಳೇ ತಿರುಗ್ತಾಳೆ ಅಷ್ಟೇ, ಎಂದಳು ವಾಂಡಾ, ನನಗೆ ನಗು ಬಂತು, ಹೊಟ್ಟೆಯಿಂದ ಎದ್ದು ಬಂತು, ನಗ್ಬೇಡ, ಎಂದ ಅಣ್ಣ, ನನಗೆ, ಅಮ್ಮನಿಗಲ್ಲ ಗೋಡೆಗಲ್ಲ, ನೇರ ನನ್ನ ಕಿವಿಗೆ, ನಗ್ಬೇಡ ಸೇಲಾ, ತಲೆ ಅಲುಗುತ್ತೆ. ನಗು ನಿಂತಿತು. ಒಂದು. ಎರಡು. ಮೂರು. ಹುಲ್ಲು ಹೋಯಿತು, ಬೆಟ್ಟ ಎದ್ದು ನಿಂತಿತು, ಆಕಾಶ ಬಂದು ಮುಖದ ಮೇಲೆ ಬಿತ್ತು, ಹೆಣೆದ ಕೈಗಳು ಬಿಚ್ಚಿಕೊಂಡು ನೆಟ್ಟಗಾದವು, ಹೆಬ್ಬೆರಳು ಜಾಗ ಬಿಡಲಿಲ್ಲ. ಅವನ ಮುಖ ತಲೆಕೆಳಗಾಗಿ ಕಾಣುತ್ತಿದೆ, ಗಲ್ಲ ಮೇಲೆ ಹಣೆ ಕೆಳಗೆ, ಕನ್ನಡಕದ ಗುರುತು ಮೂಗಿನ ಮೇಲೆ, ಯಾವಾಗಿಂದ ಕನ್ನಡಕ, ನನಗೆ ಗೊತ್ತೇ ಇಲ್ಲ, ಗಡ್ಡದಲ್ಲಿ ಬಿಳಿ, ಕಣ್ಣು ನನ್ನತ್ತ ಇಲ್ಲ, ದೂರ ಎಲ್ಲೋ ರಸ್ತೆಯತ್ತ, ಕೈ ಮಾತ್ರ ನನ್ನತ್ತ ಇದೆ.

ಕಾಲ ಬಳಿ ವಾಂಡಾ ನನ್ನ ಬೂಟು ಕಳಚಿ ಪೆನ್ನಿನ ತುದಿಯಿಂದ ಅಂಗಾಲು ಗೀರುತ್ತಿದ್ದಾಳಂತೆ, ಗೀರಿದ್ದು ಗೊತ್ತಾಗುತ್ತಾ, ಇಲ್ಲ, ಈಗ, ಇಲ್ಲ, ಈಗ — ದೂರದ ಮನೆಯಲ್ಲಿ ಯಾರೋ ಬಾಗಿಲು ತಟ್ಟಿದ ಹಾಗೆ, ಯಾರ ಮನೆಯೋ, ನನ್ನದೇ — ಆಡ್ತು, ಆಡ್ತು ಕಣ್ರೀ, ಹೆಬ್ಬೆಟ್ಟು ಆಡ್ತು, ಗ್ರೆಚೆನ್ ಎದ್ದು ನಿಂತು ಎರಡೂ ಗ್ಯಾಲರಿಗೆ ಕೇಳುವ ಹಾಗೆ ಅಬ್ಬರಿಸಿದಳು, ಅಬ್ಬರಿಸಿ ನನ್ನ ಪಾದದ ಪಕ್ಕ ಕೂತು ಗೊಳೋ ಎಂದು ಅತ್ತಳು, ಜನ ಉಸಿರು ಬಿಟ್ಟರು, ಎಲ್ಲಿಂದಲೋ ಅಮ್ಮ ಚಪ್ಪಾಳೆ ತಟ್ಟಿದಳು, ಅವಳೊಬ್ಬಳೇ, ಆಮೇಲೆ ಎಲ್ಲರೂ. ಖುಷಿ ಆಮೇಲೆ ಪಡಿ, ಎಡಗೈ ಇನ್ನೂ ಬಂದಿಲ್ಲ, ಆಸ್ಪತ್ರೆಗೆ ನಡೀರಿ, ಎಂದಳು ವಾಂಡಾ. ಆಟ ಮುಗಿಯಿತು ಎಂದು ನನಗೆ ತಿಳಿದಿದೆ, ಈ ಪಂದ್ಯದ್ದಲ್ಲ, ಎಲ್ಲದರದ್ದು, ಹೇಗೂ ಇವತ್ತೇ ಕೊನೆಯದು ಎಂದು ಹೇಳಿಯೇ ಬಂದಿದ್ದೆ, ಮೂರನೆಯ ಅಂಗಿಯನ್ನು ಕತ್ತರಿಯಿಂದ ಕೊಯ್ದು ತೆಗೆಯುತ್ತಾರೆ ಎಂದುಕೊಂಡಿರಲಿಲ್ಲ, ಇರಲಿ, ತೊಟ್ಟದ್ದು ತೊಟ್ಟದ್ದೇ. ಹಲಗೆಗೆ ಪಟ್ಟಿ ಬಿಗಿದರು, ತಲೆಯ ಎರಡೂ ಪಕ್ಕ ಮೆತ್ತನೆಯ ದಿಂಬು ಇಟ್ಟು ಹಣೆಗೆ ಟೇಪು ಸುತ್ತಿದರು, ಸಾಕು ಸೆಮಿಸಿ, ಇನ್ನು ಬಿಡಬಹುದು, ತಲೆ ಭದ್ರವಾಗಿದೆ. ಅವನು ಬಿಡಲಿಲ್ಲ. ಬಿಡಪ್ಪಾ, ನೀನು ಗಾಡಿ ಓಡಿಸ್ಬೇಕು. ನೀನು ಓಡಿಸು ವಾಂಡಾ. ನಾನಾ, ನಾನು ಓಡಿಸಿದ್ರೆ ಇವಳ ಇನ್ನೊಂದು ಮೂಳೆನೂ ಹೋಗುತ್ತೆ ಅಂತ ನೀನೇ ತಾನೇ ಹೇಳೋದು. ಓಡಿಸು, ಎಂದ. ಹಲಗೆ ಮೇಲೆದ್ದಿತು, ಅವನು ಕಾಲುಚೀಲದಲ್ಲಿ ಹಿಮ್ಮುಖವಾಗಿ ಬಗ್ಗಿ ನಡೆದ, ಗೆರೆ ದಾಟಿತು, ಹಿಂಬಾಗಿಲು ಹತ್ತಿತು, ಒಳಗಿನ ಬಿಳಿ ಸೂರು ಬಂತು, ಬಾಗಿಲು ಮುಚ್ಚಿತು, ಗಾಡಿ ಕುಲುಕಿ ಹೊರಟಿತು, ಮಾಲೋ ಎನ್ನಬೇಕೆಂದೆ, ಗಲ್ಲಕ್ಕೆ ಪಟ್ಟಿ, ಬಾಯಿ ಪೂರ್ತಿ ತೆರೆಯಲಿಲ್ಲ, ಸುಮ್ನಿರು, ಎಂದ, ಬೆನ್ನಡಿಯಲ್ಲಿ ರಸ್ತೆ ಓಡುತ್ತಿದೆ, ಎಡಗೈಯಲ್ಲಿ ಜೇನ್ನೊಣ, ಬಲಗಾಲಿನಲ್ಲಿ ಯಾರೋ ಬಾಗಿಲು ತಟ್ಟುತ್ತಲೇ ಇದ್ದಾರೆ, ಕಣತಲೆಯ ಮೇಲೆ ಕೈಗವಸು ಹರಿದ ಜಾಗ, ಕಾಳಿನಷ್ಟು ಚರ್ಮ, ಅಲ್ಲಿ ಮಿಡಿಯುತ್ತಿರುವುದು ಅವನದೋ ನನ್ನದೋ, ಹೆಬ್ಬೆರಳು, ಬಿಡುತ್ತಿಲ್ಲ, ಹೆಬ್ಬೆರಳು